ತಾಲೀಮಿಗೆ ತಡ, ಕತ್ತಲಲ್ಲಿ ಪೆಟ್ಟು: ಹವ್ಯಾಸಿ ತಂಡದ ರಂಗನಿರ್ವಹಣೆ ಹೇಗೆ?

ಪ್ರಶ್ನೆ: ನಮ್ಮದು ಶಿವಮೊಗ್ಗದ ಹವ್ಯಾಸಿ ನಾಟಕ ತಂಡ. ಹದಿನಾಲ್ಕು ನಟರು, ವಯಸ್ಸು 24ರಿಂದ 63. ಎಲ್ಲರೂ ಕೆಲಸ, ಅಂಗಡಿ, ಮನೆ ಸಂಭಾಳಿಸಿಕೊಂಡು ಬರುವವರು. ನಾನು ಬ್ಯಾಂಕ್ ಉದ್ಯೋಗಿ. ಈ ಸಲ ನಿರ್ದೇಶಕರು ನನ್ನನ್ನು ಸ್ಟೇಜ್ ಮ್ಯಾನೇಜರ್ ಮಾಡಿದ್ದಾರೆ. ಎರಡು ಗಂಟೆಯ ನಾಟಕ, ಐದು ದೃಶ್ಯ ಬದಲಾವಣೆ, ಪ್ರದರ್ಶನಕ್ಕೆ ಇನ್ನು ಆರು ವಾರ. 7 ಗಂಟೆಗೆ ತಾಲೀಮು ಅಂದರೆ ಶುರುವಾಗುವುದು 7.45ಕ್ಕೆ. ಸಂಬಳವಿಲ್ಲದೆ ಬರುವವರನ್ನು ಕೇಳುವ ಹಕ್ಕು ನನಗೆಲ್ಲಿದೆ ಅನ್ನಿಸುತ್ತದೆ. ಮುಖ್ಯ ಪಾತ್ರದ ಹಿರಿಯರಿಗೆ ಇನ್ನೂ ಮಾತು ಬಾಯಿಗೆ ಬಂದಿಲ್ಲ. “ನೀನು ವಿಂಗ್‌ನಲ್ಲೇ ಇರ್ತೀಯಲ್ಲಮ್ಮ, ಹೇಳಿಕೊಡು” ಅನ್ನುತ್ತಾರೆ. ಕಳೆದ ನಾಟಕದಲ್ಲಿ ಕತ್ತಲಲ್ಲಿ ಮಂಚ ಎತ್ತುವಾಗ ಒಬ್ಬರ ಕಾಲಿಗೆ ಪೆಟ್ಟಾಯಿತು. ಒಂದು ಪತ್ರ ಕಾಣೆಯಾಗಿ ನಟಿ ಬರಿಗೈ ನೋಡಿಕೊಂಡು ಓದಬೇಕಾಯಿತು. ನನ್ನದು ಗಟ್ಟಿ ದನಿಯಲ್ಲ. ಈ ಕೆಲಸ ನನ್ನಿಂದ ಆಗುತ್ತದೆಯೇ?

ಉತ್ತರ:

ಆಗುತ್ತದೆ. ದನಿಯ ಮಾತು ಮೊದಲು ಬಿಡೋಣ. ಸ್ಟೇಜ್ ಮ್ಯಾನೇಜರ್ ಎಂದರೆ ಕೂಗಾಡುವವರು ಎಂಬ ಕಲ್ಪನೆ ನಮ್ಮ ತಂಡಗಳಲ್ಲಿ ಬಹಳ ಗಟ್ಟಿಯಾಗಿ ಕೂತಿದೆ. ಆದರೆ ವಿಂಗ್‌ನಲ್ಲಿ, ಅಂದರೆ ರಂಗದ ಪಕ್ಕದ ಮರೆಯಲ್ಲಿ, ಕೂಗಿದರೆ ಮೂರನೇ ಸಾಲಿನವರಿಗೂ ಕೇಳುತ್ತದೆ. ಆ ಜಾಗಕ್ಕೆ ಬೇಕಾದದ್ದು ಮೆಲ್ಲಗೆ, ಒಂದೇ ಬಗೆಯಲ್ಲಿ, ಒಂದೇ ಸಲ ಹೇಳುವವರು. ಬ್ಯಾಂಕಿನಲ್ಲಿ ದಿನದ ಲೆಕ್ಕ ಹೊಂದಿಸಿಯೇ ಏಳುವ ಅಭ್ಯಾಸ ನಿಮಗಿದೆ. ಈ ಕೆಲಸದ ಬಹುಪಾಲು ಅದೇ.

ನಿಮ್ಮ ನಿಜವಾದ ಆತಂಕ ಹಕ್ಕಿನದು. ಸಂಬಳ ಪಡೆಯದ ವಯಸ್ಕರಿಗೆ ಶಿಸ್ತು ಹೇರಲಾಗದು ಎಂದು ನೀವು ಅಂದುಕೊಂಡಿದ್ದೀರಿ. ಹೇರಲಾಗದು ಎನ್ನುವುದು ಸರಿ. ಆದರೆ ಅವರು ತಡವಾಗಿ ಬರುವುದು ಅಶಿಸ್ತಿನಿಂದಲೇ ಎನ್ನುವುದು ಸರಿಯಲ್ಲ. ಎಂಟೂವರೆಗೆ ಬರುವ ತಮ್ಮ ದೃಶ್ಯಕ್ಕಾಗಿ ಏಳಕ್ಕೆ ಬಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತವರು ಮರುದಿನ ಏಳೂಮುಕ್ಕಾಲಿಗೆ ಬರುತ್ತಾರೆ. ಮೂರನೆಯ ದಿನ ಎಲ್ಲರೂ ಏಳೂಮುಕ್ಕಾಲಿಗೇ ಬರುತ್ತಾರೆ, ಯಾಕೆಂದರೆ ಅದಕ್ಕೆ ಮುಂಚೆ ಏನೂ ನಡೆಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಾಗಿರುತ್ತದೆ. ಕೆಲಸ ಮುಗಿಸಿ ಬಂದ ವಯಸ್ಕರು ತಮ್ಮ ಸಮಯ ವ್ಯರ್ಥವಾಗುವುದನ್ನು ಸಹಿಸುವುದಿಲ್ಲ. ಅದನ್ನು ಉಳಿಸಿಕೊಟ್ಟರೆ ನಿಮ್ಮ ಮಾತು ಕೇಳುತ್ತಾರೆ. ನಿಮ್ಮ ಹಕ್ಕು ಹುಟ್ಟುವುದು ಅಲ್ಲಿಂದ.

ಕಳೆದುಹೋಗುತ್ತಿರುವುದು ಎಷ್ಟು ಎಂದು ಲೆಕ್ಕ ಹಾಕಿ. ದಿನಕ್ಕೆ 45 ನಿಮಿಷ, ವಾರಕ್ಕೆ 5 ದಿನ, 6 ವಾರ: 22 ಗಂಟೆ 30 ನಿಮಿಷ. ಏಳರಿಂದ ಒಂಬತ್ತೂಕಾಲರವರೆಗೆ ತಾಲೀಮು ಮಾಡುವ ತಂಡಕ್ಕೆ ಅದು ಪೂರಾ ಹತ್ತು ಸಂಜೆ. ಈ ಲೆಕ್ಕವನ್ನು ತಂಡದ ಮುಂದೆ ದೂರಿನಂತೆ ಇಡಬೇಡಿ. ನಿರ್ದೇಶಕರೊಬ್ಬರಿಗೇ ತೋರಿಸಿ. ಮುಂದಿನ ಬದಲಾವಣೆಗೆ ಅವರ ಒಪ್ಪಿಗೆ ಬೇಕು.

ಆ ಬದಲಾವಣೆ ಇಷ್ಟು: ಇಡೀ ತಂಡವನ್ನು ಒಂದೇ ಹೊತ್ತಿಗೆ ಕರೆಯುವುದನ್ನು ನಿಲ್ಲಿಸುವುದು. ಅದಕ್ಕೆ ನಾಟಕವನ್ನು ಅಂಕ, ದೃಶ್ಯಗಳಾಗಿ ಅಲ್ಲ, ತುಂಡುಗಳಾಗಿ ಒಡೆಯಬೇಕು. ಯಾರಾದರೂ ರಂಗಕ್ಕೆ ಬಂದರೆ ಅಥವಾ ರಂಗದಿಂದ ಹೋದರೆ ಅಲ್ಲಿಗೆ ಒಂದು ತುಂಡು ಮುಗಿದು ಇನ್ನೊಂದು ಶುರು. ಎರಡು ಗಂಟೆಯ ನಾಟಕದಲ್ಲಿ ಇಂಥವು ಮೂವತ್ತರಿಂದ ಐವತ್ತು ಸಿಗಬಹುದು. ದೊಡ್ಡ ಹಾಳೆಯ ಮೇಲೆ ಅಡ್ಡಕ್ಕೆ ತುಂಡುಗಳ ಸಂಖ್ಯೆ, ಉದ್ದಕ್ಕೆ ನಟರ ಹೆಸರು ಬರೆಯಿರಿ. ಯಾರು ಯಾವುದರಲ್ಲಿದ್ದಾರೋ ಅಲ್ಲಿ ಗುರುತು, ಮಾತಿಲ್ಲದೆ ಬರೀ ನಿಂತಿರುವವರಿಗೆ ಬೇರೆ ಗುರುತು. ಇದರ ಪಕ್ಕದಲ್ಲಿ ಪ್ರತಿಯೊಬ್ಬರೂ ಬರಲಾಗದ ದಿನಗಳ ಪಟ್ಟಿ ಇರಲಿ: ಬ್ಯಾಂಕಿನವರಿಗೆ ತಿಂಗಳ ಕೊನೆ, ಮೇಷ್ಟ್ರುಗಳಿಗೆ ಮೌಲ್ಯಮಾಪನ, ಮದುವೆ, ಊರ ಹಬ್ಬ, ರಾತ್ರಿ ಪಾಳಿ. “ಯಾವ ದಿನ ಬರ್ತೀರಿ?” ಎಂದು ಕೇಳಬೇಡಿ, ಎಲ್ಲರೂ “ಎಲ್ಲಾ ದಿನ” ಅನ್ನುತ್ತಾರೆ. “ಯಾವ ದಿನ ಆಗೋದೇ ಇಲ್ಲ?” ಎಂದು ಕೇಳಿದರೆ ನಿಜ ಹೊರಬರುತ್ತದೆ.

ಎರಡನ್ನೂ ಅಕ್ಕಪಕ್ಕ ಇಟ್ಟರೆ ಒಂದು ಸಂಜೆ ಹೀಗಾಗುತ್ತದೆ: 7.00ಕ್ಕೆ ಇಬ್ಬರು, ತುಂಡು 11 ಮತ್ತು 14. 7.40ಕ್ಕೆ ಇನ್ನು ನಾಲ್ವರು, ತುಂಡು 12. 8.20ಕ್ಕೆ ಆರು ಜನ. ಗುಂಪು ದೃಶ್ಯ, ಹಾಡು, ಮೇಳ ಇದ್ದರೆ ಅವನ್ನು ಭಾನುವಾರಕ್ಕೆ ಕೂಡಿಡಿ. ಇಲ್ಲಿ ಒಂದು ಅಪಾಯ ಇದೆ. ತುಂಡುಗಳಲ್ಲೇ ಬೆಳೆದ ನಾಟಕಕ್ಕೆ ಓಟ ಇರುವುದಿಲ್ಲ, ನಟರಿಗೆ ತಾವಿಲ್ಲದ ದೃಶ್ಯಗಳ ಪರಿಚಯವೂ ಇರುವುದಿಲ್ಲ. ಹಾಗಾಗಿ ವಾರಕ್ಕೊಮ್ಮೆ ಅರ್ಧ ನಾಟಕವನ್ನಾದರೂ ನಿಲ್ಲಿಸದೆ ಓಡಿಸಿ, ಕೊನೆಯ ಹತ್ತು ದಿನ ತುಂಡುಗಳನ್ನು ಬಿಟ್ಟು ಪೂರ್ತಿ ನಾಟಕಕ್ಕೇ ಕೊಡಿ.

ನಾಳೆಯ ಕರೆ ಇಂದು ರಾತ್ರಿ ಒಂಬತ್ತೂವರೆ ಒಳಗೆ ವಾಟ್ಸ್‌ಆ್ಯಪ್‌ನಲ್ಲಿ ಹೋಗಬೇಕು. ಅದಕ್ಕೆ ಅಡ್ಮಿನ್‌ಗಳು ಮಾತ್ರ ಬರೆಯಬಹುದಾದ ಪ್ರತ್ಯೇಕ ಗುಂಪು ಮಾಡಿ. ಶುಭೋದಯದ ಚಿತ್ರಗಳ ನಡುವೆ ತಾಲೀಮಿನ ಸಮಯ ಹೂತುಹೋಗುವುದರಿಂದಲೇ ಅರ್ಧ ಗೊಂದಲ. ನೋಡಿದವರು ಹೆಬ್ಬೆರಳು ಒತ್ತಬೇಕು. ಮರುದಿನ ಮಧ್ಯಾಹ್ನದೊಳಗೆ ಒತ್ತದವರಿಗೆ ಫೋನ್ ಮಾಡಿ.

ಮತ್ತೆ, ಹೇಳಿದ ಹೊತ್ತಿಗೆ ಶುರು ಮಾಡಿ. ಒಬ್ಬರು ಬಂದಿಲ್ಲವೆಂದರೆ ಅವರ ಮಾತನ್ನು ನಿಮ್ಮ ಸಹಾಯಕರು ಓದಲಿ. ತಡವಾಗಿ ಬಂದವರಿಗಾಗಿ ಹಿಂದಕ್ಕೆ ಹೋಗಬೇಡಿ. ಅವರಿಗೆ ಏನು ತಪ್ಪಿತು ಎನ್ನುವುದನ್ನು ಬಿಡುವಿನಲ್ಲಿ ಹೇಳಿ. ಬೆಂಗಳೂರಿನ ರಂಗಶಂಕರ ರಂಗಮಂದಿರ 2004ರಲ್ಲಿ ಶುರುವಾದಾಗಿನಿಂದ ಹೇಳಿದ ಹೊತ್ತಿಗೆ ನಾಟಕ ಆರಂಭಿಸಿ, ತಡವಾದವರಿಗೆ ಬಾಗಿಲು ತೆರೆಯುವುದಿಲ್ಲ. ಪ್ರೇಕ್ಷಕರೇ ಆ ಅಭ್ಯಾಸಕ್ಕೆ ಒಗ್ಗಿಕೊಂಡಿದ್ದಾರೆ. ಹದಿನಾಲ್ಕು ಜನರ ತಂಡ ಒಗ್ಗುವುದು ಕಷ್ಟವಲ್ಲ.

ಆಮೇಲೂ ಒಬ್ಬಿಬ್ಬರು ತಡವಾಗಿಯೇ ಬಂದರೆ ಎಲ್ಲರೆದುರು ಕೇಳಬೇಡಿ. ಹೊರಗೆ ಟೀ ಕುಡಿಯುವಾಗ, “ಸರ್, ಏಳಕ್ಕೆ ನಿಮಗೆ ಕಷ್ಟ ಆಗ್ತಿದೆ ಅನ್ಸುತ್ತೆ. ನಿಮ್ಮ ದೃಶ್ಯ ಏಳೂವರೆಗೆ ಇಟ್ಕೊಳ್ಳಲಾ?” ಎಂದು ಕೇಳಿ. ಬಸ್ಸು, ಮಗುವಿನ ಟ್ಯೂಷನ್, ಮನೆಯಲ್ಲಿ ಹಾಸಿಗೆ ಹಿಡಿದ ಅಮ್ಮ, ಹೀಗೆ ಕಾರಣಗಳಿರುತ್ತವೆ, ಬಹಳಷ್ಟು ಸಲ ಅರ್ಧ ಗಂಟೆ ಹೊಂದಿಸಿದರೆ ಸರಿಹೋಗುತ್ತದೆ. ಹಾಜರಿ ಪುಸ್ತಕದಲ್ಲಿ ಮಾತ್ರ ಬಂದ ಸಮಯವನ್ನು ಯಾವ ಟಿಪ್ಪಣಿಯೂ ಇಲ್ಲದೆ ಬರೆಯುತ್ತಾ ಹೋಗಿ. ಪಾತ್ರ ಬದಲಿಸುವ ಹಂತ ಬಂದರೆ ನಿರ್ಧಾರ ನಿರ್ದೇಶಕರದು. ನಿಮ್ಮ ಕೆಲಸ ಆ ಪುಸ್ತಕವನ್ನು ಅವರ ಕೈಗೆ ಪ್ರದರ್ಶನಕ್ಕೆ ಮೂರು ವಾರ ಇರುವಾಗಲೇ ಕೊಡುವುದು. ಕೊನೆಯ ವಾರದಲ್ಲಿ ಕೊಟ್ಟರೆ ಅವರಿಗೆ ದಾರಿಯೇ ಉಳಿಯುವುದಿಲ್ಲ.

ಹಿರಿಯರ ಮಾತು, ಪ್ರಾಂಪ್ಟಿಂಗ್

ಅವರು ಹೇಳಿಕೊಡು ಎಂದು ಕೇಳುವುದಕ್ಕೆ ಒಂದು ಪರಂಪರೆಯೇ ಇದೆ. ಕಂಪನಿ ನಾಟಕಗಳಲ್ಲಿ ಮರೆಯಿಂದ ಮಾತು ಹೇಳಿಕೊಡುವ ಪ್ರಾಂಪ್ಟರ್ ಇರುತ್ತಿದ್ದರು. ಹಳ್ಳಿಯ ಪೌರಾಣಿಕ ನಾಟಕಗಳಲ್ಲಿ ಇಂದಿಗೂ ಹಾರ್ಮೋನಿಯಂ ಮೇಷ್ಟ್ರು ಮುಂದೆಯೇ ಕೂತು ಮಾತು ಎತ್ತಿಕೊಡುತ್ತಾರೆ. ಅಲ್ಲಿ ಪ್ರೇಕ್ಷಕರಿಗೂ ಅದು ಆಟದ ಭಾಗ. ನಿಮ್ಮದು ಬೇರೆ ಬಗೆಯ ನಾಟಕ. ತೂಗುಬಿಟ್ಟ ಮೈಕು ನಿಮ್ಮ ಪಿಸುಮಾತನ್ನು ನಟನಿಗಿಂತ ಮೊದಲು ಸಭಾಂಗಣಕ್ಕೆ ತಲುಪಿಸುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ, ಒಬ್ಬರ ಮಾತಿನ ಮೇಲೆ ಕಣ್ಣಿಟ್ಟ ಸ್ಟೇಜ್ ಮ್ಯಾನೇಜರ್ ಮುಂದಿನ ಬೆಳಕಿನ ಕ್ಯೂ (ಬದಲಾಯಿಸಲು ಕೊಡುವ ಸೂಚನೆ) ತಪ್ಪಿಸುತ್ತಾರೆ. ಆದ್ದರಿಂದ ಪ್ರದರ್ಶನದ ದಿನ ನೀವು ಪ್ರಾಂಪ್ಟ್ ಮಾಡುವುದಿಲ್ಲ ಎಂದು ಇವತ್ತೇ ಹೇಳಿಬಿಡಿ. ಇವತ್ತು ಹೇಳಿದರೆ ಅವರಿಗೆ ಆರು ವಾರ ಸಿಗುತ್ತದೆ.

ವಯಸ್ಸಾದವರಿಗೆ ಮಾತು ನಿಲ್ಲುವುದಿಲ್ಲ ಎಂಬುದೂ ಅರ್ಧ ಸತ್ಯ. ನಿಧಾನವಾಗಿ ನಿಲ್ಲುತ್ತದೆ, ದಾರಿ ಬೇರೆ. ಅವರಿಗೆ 16 ಪಾಯಿಂಟ್ ಅಕ್ಷರದಲ್ಲಿ, ಸಾಲುಗಳ ನಡುವೆ ಜಾಗ ಬಿಟ್ಟು ಹೊಸ ಪ್ರತಿ ತೆಗೆಸಿಕೊಡಿ. ಜೆರಾಕ್ಸಿನ ಜೆರಾಕ್ಸ್ ಆದ ಮಸುಕು ಪ್ರತಿಯನ್ನು ರಾತ್ರಿ ಹತ್ತಕ್ಕೆ ಕನ್ನಡಕ ಹಾಕಿ ಓದುವುದೇ ಅವರ ಸಮಸ್ಯೆ ಆಗಿರಬಹುದು. ಎದುರು ಪಾತ್ರಗಳ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಅವರ ಮಾತಿನ ಜಾಗದಲ್ಲಿ ಮೌನ ಬಿಟ್ಟು ಕೊಡಿ. ಬೆಳಗಿನ ವಾಕಿಂಗ್‌ನಲ್ಲಿ ಕೇಳಿಕೊಂಡು ಹೇಳಿಕೊಳ್ಳುತ್ತಾರೆ. ಅವರ ಚಲನೆಯನ್ನು ಬೇಗ ಗಟ್ಟಿ ಮಾಡುವಂತೆ ನಿರ್ದೇಶಕರನ್ನು ಕೇಳಿ. “ಕಿಟಕಿ ಹತ್ತಿರ ಹೋದಾಗ ಈ ಮಾತು” ಎಂದು ಕಾಲಿಗೆ ಕಟ್ಟಿದ ಮಾತು ತಲೆಯಿಂದ ಸುಲಭಕ್ಕೆ ಜಾರುವುದಿಲ್ಲ. ದಿನವೂ ಚಲನೆ ಬದಲಿಸುವ ನಿರ್ದೇಶಕರ ಕೈಯಲ್ಲಿ ಯುವಕರೂ ಮಾತು ಮರೆಯುತ್ತಾರೆ.

ಪುಸ್ತಕ ಬಿಡುವ ದಿನ, ಅಂದರೆ ಪ್ರತಿ ನೋಡದೆ ಮಾತಾಡಲು ಶುರು ಮಾಡುವ ದಿನ, ಎಲ್ಲರಿಗೂ ಒಂದೇ ಇರಲಿ: ಮೊದಲರ್ಧಕ್ಕೆ ಇಂದಿನಿಂದ ಎರಡು ವಾರ, ಉಳಿದರ್ಧಕ್ಕೆ ಮೂರು ವಾರ. ಆ ದಿನದಿಂದ ತಾಲೀಮಿನಲ್ಲಿ ನೀವೋ ಸಹಾಯಕರೋ ಪ್ರತಿ ಹಿಡಿದು ಕೂರಿ. ನಟರು “ಲೈನ್” ಎಂದು ಕೇಳಿದರೆ ಮಾತ್ರ ಮೊದಲ ಮೂರು ಪದ ಕೊಡಿ, ಭಾವವಿಲ್ಲದ ಸಮ ದನಿಯಲ್ಲಿ. ಅವರು ಮೌನವಾಗಿದ್ದಾಗ ನೀವಾಗಿಯೇ ಎತ್ತಿಕೊಟ್ಟರೆ ಅಭಿನಯದ ಮೌನವನ್ನೂ ಕೊಂದುಬಿಡುತ್ತೀರಿ, ನಿಮ್ಮನ್ನು ನಂಬಿ ಕೂರುವ ಅಭ್ಯಾಸವನ್ನೂ ಬೆಳೆಸುತ್ತೀರಿ. ತಪ್ಪಿದ ಮಾತುಗಳನ್ನು ಚೀಟಿಯಲ್ಲಿ ಬರೆದು ತಾಲೀಮಿನ ನಂತರ ಕೈಗೆ ಕೊಡಿ: ಬಿಟ್ಟದ್ದು, ಬದಲಾದದ್ದು, ಹಾರಿ ಮುಂದಿನ ಮಾತಿಗೆ ಹೋದದ್ದು. ಒಂದು ಪದ ಬದಲಾದರೆ ನಷ್ಟ ಕಡಿಮೆ, ಹಾರಿದರೆ ಎದುರಿನವರ ಪ್ರವೇಶವೇ ಹೋಗುತ್ತದೆ. ಆದ್ದರಿಂದ ಹಾರಿದ್ದಕ್ಕೆ ಕೆಂಪು ಗೆರೆ.

ಇಷ್ಟಾದರೂ ಧೈರ್ಯ ಬರದಿದ್ದರೆ ಮೂರು ದಾರಿಗಳಿವೆ. ಮೊದಲನೆಯದು, ಪ್ರಾಂಪ್ಟಿಂಗ್‌ಗೆಂದೇ ಒಬ್ಬರನ್ನು ವಿಂಗ್‌ನಲ್ಲಿ ಕೂರಿಸುವುದು. ಅವರು ಕೊನೆಯ ಎರಡು ವಾರ ದಿನವೂ ಬರಬೇಕು, ಇಲ್ಲದಿದ್ದರೆ ಮೌನ ಯಾವುದು ಮರೆವು ಯಾವುದು ತಿಳಿಯದು. ಎರಡನೆಯದು, ಉದ್ದದ ಮಾತನ್ನು ಪತ್ರ, ಪತ್ರಿಕೆ, ಲೆಕ್ಕದ ಪುಸ್ತಕದಂಥ ಪರಿಕರದಲ್ಲಿ ಬರೆದಿಡುವುದು. ಪಾತ್ರಕ್ಕೆ ಹೊಂದಿದರೆ ಚೆನ್ನ, ಆದರೆ ಅದರ ಮೇಲೆ ನೆಟ್ಟ ಕಣ್ಣು ಮೇಲೇಳುವುದಿಲ್ಲ. ನಾನು ಹೆಚ್ಚು ನಂಬುವುದು ಮೂರನೆಯದನ್ನು: ಅಪಾಯದ ಐದಾರು ಜಾಗಗಳನ್ನು ಗುರುತಿಸಿ, ಅಲ್ಲಿ ಎದುರಿನ ನಟರು ಪ್ರಶ್ನೆಯ ರೂಪದಲ್ಲಿ ಮಾತು ಎತ್ತಿಕೊಡುವಂತೆ ಮೊದಲೇ ತಾಲೀಮು ಮಾಡುವುದು. “ಹಾಗಾದ್ರೆ ಆ ಜಮೀನಿನ ವಿಷಯ ಏನಾಯ್ತು?” ಎಂದರೆ ಪ್ರೇಕ್ಷಕರಿಗೆ ಅದೂ ನಾಟಕವೇ.

ಕತ್ತಲಲ್ಲಿ ಆಗುವ ಪೆಟ್ಟು

ಇದನ್ನು ದುರದೃಷ್ಟ ಎನ್ನಬೇಡಿ. ಬೆಳಕಿನಿಂದ ಕತ್ತಲಿಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ನಿಮ್ಮ ದೃಶ್ಯ ಬದಲಾವಣೆ ಅರ್ಧ ನಿಮಿಷದ್ದು. ಅಂದರೆ ರಂಗದ ಮೇಲೆ ಬೆಳಕಿನಲ್ಲಿದ್ದವರು ಆ ಹೊತ್ತಿನಲ್ಲಿ ಹೆಚ್ಚುಕಡಿಮೆ ಕುರುಡರು. ಮಂಚ ಎತ್ತುವ ಕೆಲಸ ಅವರಿಗೆ ಕೊಡಬಾರದು. ವಿಂಗ್‌ನಲ್ಲಿ ಮಂದ ನೀಲಿ ಬೆಳಕಿನಲ್ಲಿ ಕಾಯುತ್ತಿದ್ದ, ಫೋನ್ ನೋಡದೆ ಇದ್ದ ಸಹಾಯಕರು ಎತ್ತಲಿ. ಸಾಧಾರಣ ಬಲ್ಬಿಗೆ ನೀಲಿ ಜಿಲೆಟಿನ್ ಕಾಗದವನ್ನು ಬಿಸಿ ತಾಗದಷ್ಟು ದೂರದಲ್ಲಿ ಕಟ್ಟಿದರೂ ಸಾಕು.

ಮಂಚ ಕೂರಬೇಕಾದ ಜಾಗಕ್ಕೆ, ಲೆವೆಲ್‌ಗಳ (ರಂಗದ ಮೇಲಿನ ಎತ್ತರದ ಕಟ್ಟೆಗಳ) ಅಂಚಿಗೆ ಗುರುತು ಹಚ್ಚಿ. ಇಲ್ಲಿ ಹಲವು ತಂಡಗಳು ಮೋಸಹೋಗುತ್ತವೆ. ಅಂಗಡಿಯಲ್ಲಿ ರೇಡಿಯಂ ಎಂದು ಕೊಡುವ ಗಾಡಿಯ ಸ್ಟಿಕ್ಕರ್ ತಾನಾಗಿ ಹೊಳೆಯುವುದಿಲ್ಲ. ಅದು ಬಿದ್ದ ಬೆಳಕನ್ನು ಬಂದ ದಿಕ್ಕಿಗೇ ತಿರುಗಿಸುತ್ತದೆ, ಪೂರ್ಣ ಕತ್ತಲಲ್ಲಿ ಕಾಣುವುದೇ ಇಲ್ಲ. ನಿಮಗೆ ಬೇಕಾದದ್ದು ಬೆಳಕನ್ನು ಹೀರಿಕೊಂಡು ಕತ್ತಲಲ್ಲಿ ಹಸಿರಾಗಿ ಮಿನುಗುವ ಟೇಪು. ಕೊಳ್ಳುವಾಗ ಅಂಗೈ ಮುಚ್ಚಿ ಒಳಗೆ ನೋಡಿ. ಬೆರಳುಗುರಿನಷ್ಟು ತುಂಡು ಸಾಕು, ದೊಡ್ಡದಾದರೆ ಪ್ರೇಕ್ಷಕರಿಗೆ ಕಾಣುತ್ತದೆ.

ಪ್ರತಿ ಬದಲಾವಣೆಗೂ ಒಂದು ಚೀಟಿ ಬರೆಯಿರಿ: ಯಾವ ವಸ್ತು, ತಲೆ ಕಡೆ ಯಾರು, ಕಾಲು ಕಡೆ ಯಾರು, ಯಾವ ವಿಂಗ್‌ನಿಂದ, ಯಾವುದು ಮೊದಲು. ಒಳಗೆ ಬರುವ ವಸ್ತು ಮತ್ತು ಹೊರಗೆ ಹೋಗುವ ವಸ್ತು ಒಂದೇ ವಿಂಗ್‌ನಲ್ಲಿ ಎದುರಾಗಬಾರದು, ಪೆಟ್ಟಾಗುವುದು ಬಹುಪಾಲು ಅಲ್ಲೇ. ಮುಂದಿನ ದೃಶ್ಯದಲ್ಲಿ ಪ್ರವೇಶ ಇರುವವರ ಹೆಸರು ಚೀಟಿಯಲ್ಲಿ ಇರಬಾರದು. “ಎತ್ತು” ಎನ್ನುವವರು ಒಬ್ಬರೇ. ಮೊದಲು ಮೂರು ಸಲ ಬೆಳಕಿನಲ್ಲಿ, ಆಮೇಲೆ ಎರಡು ಸಲ ಕತ್ತಲಲ್ಲಿ, ಗಡಿಯಾರ ಹಿಡಿದು ಮಾಡಿಸಿ. 25 ಸೆಕೆಂಡಿನಲ್ಲಿ ಮುಗಿಯದಿದ್ದರೆ ಅವಸರ ಮಾಡಿಸಬೇಡಿ. ನಿರ್ದೇಶಕರನ್ನು ಕೇಳಿ ಮಂದ ಬೆಳಕಿನಲ್ಲೇ, ಹಾಡಿನ ಜೊತೆ, ಪ್ರೇಕ್ಷಕರಿಗೆ ಕಾಣುವಂತೆಯೇ ಬದಲಾಯಿಸಿ. ಮುಂದಿನ ಬೆಳಕು ಹತ್ತುವುದು ಸಂಗೀತ ಮುಗಿದಾಗ ಅಲ್ಲ, ಎರಡೂ ವಿಂಗ್‌ಗಳಿಂದ “ತೆರವು” ಬಂದು ನೀವು ಹೇಳಿದಾಗ.

ನಮ್ಮ ನಟರು ಬಹುಪಾಲು ಬರಿಗಾಲಲ್ಲಿ ಇರುತ್ತಾರೆ. ಪ್ರತಿ ಸಲ ನಾಟಕ ಓಡಿಸುವ ಮುಂಚೆ ರಂಗ ಗುಡಿಸಿ, ಕೈಯಾಡಿಸಿ ಮೊಳೆ, ಸ್ಟೇಪಲ್ ಪಿನ್ ಹುಡುಕಿ. ರಂಗಪೂಜೆ ಮಾಡಿ ತೆಂಗಿನಕಾಯಿ ಒಡೆದರೆ ಆ ನೀರನ್ನು ಒರೆಸುವುದು ಯಾರ ಕೆಲಸ ಎಂದು ಮೊದಲೇ ಗೊತ್ತಿರಲಿ. ನಾಟಕದಲ್ಲಿ ಹಣತೆ, ಊದುಬತ್ತಿ ಇದ್ದರೆ ರಂಗಮಂದಿರದವರ ಅನುಮತಿ ಲಿಖಿತವಾಗಿ ಪಡೆಯಿರಿ, ವಿಂಗ್‌ನಲ್ಲಿ ಮರಳಿನ ಬಕೆಟ್ ಮತ್ತು ಅದನ್ನು ನೋಡುತ್ತಲೇ ಇರುವ ಒಬ್ಬರು ಬೇಕು. ದೀಪ ಹಿಡಿಯುವವರ ಸೀರೆ, ಪಂಚೆ ಹತ್ತಿಯದೇ ಇರಲಿ, ಸೆರಗನ್ನು ಸಿಕ್ಕಿಸಿಕೊಂಡಿರಲಿ. ಹತ್ತಿಯೂ ಉರಿಯುತ್ತದೆ, ಆದರೆ ನೈಲಾನ್ ಕರಗಿ ಮೈಗೆ ಅಂಟುತ್ತದೆ.

ಪತ್ರ ಕಾಣೆಯಾದದ್ದಕ್ಕೆ ಪರಿಹಾರ ಸರಳ. ಎರಡೂ ವಿಂಗ್‌ನಲ್ಲಿ ಒಂದೊಂದು ಮೇಜು, ಮೇಲೆ ಕಂದು ಕಾಗದ, ಪ್ರತಿ ಪರಿಕರದ ಸುತ್ತ ಗೆರೆ ಎಳೆದು ಹೆಸರು. ಖಾಲಿ ಚೌಕ ಕಂಡರೆ ಅದು ಎಲ್ಲೋ ಇದೆ ಎಂದರ್ಥ. ಬಳಸುವವರು ಮಾತ್ರ ಎತ್ತಬೇಕು, ಬಳಸಿದ ಮೇಲೆ ಅಲ್ಲೇ ಇಡಬೇಕು. ಪತ್ರ, ಚೀಟಿ, ಕನ್ನಡಕದಂಥವು ಎರಡೆರಡು ಇರಲಿ.

ಇದೆಲ್ಲ ಒಬ್ಬರಿಂದ ಆಗುವುದಿಲ್ಲ. ಎರಡು ವಿಂಗ್‌ಗೆ ಇಬ್ಬರು ಸಹಾಯಕರು ಬೇಕೇ ಬೇಕು. ಸಣ್ಣ ಪಾತ್ರ ಇರುವವರನ್ನು ಹಾಕಿಕೊಳ್ಳಬೇಡಿ, ನಿಮಗೆ ಬೇಕಾದ ಹೊತ್ತಿಗೇ ಅವರು ರಂಗದ ಮೇಲಿರುತ್ತಾರೆ.

ಪ್ರದರ್ಶನದ ದಿನ

ಅಷ್ಟರೊಳಗೆ ನಿಮ್ಮ ಪ್ರತಿ ಸಿದ್ಧವಾಗಿರಬೇಕು. ಒಂದೇ ಬದಿಗೆ ಮುದ್ರಿಸಿದ ನಾಟಕ, ಎದುರು ಖಾಲಿ ಹಾಳೆ, ರಿಂಗ್ ಫೈಲು, ಪೆನ್ಸಿಲ್. ಪೆನ್ನು ಬೇಡ, ಎಲ್ಲವೂ ಬದಲಾಗುತ್ತದೆ. ಬೆಳಕಿನ ಕ್ಯೂಗೆ ‘ಬೆ 1, ಬೆ 2’, ಸಂಗೀತಕ್ಕೆ ‘ಸಂ 1’ ಎಂದು ಸಂಖ್ಯೆ ಕೊಡಿ. ಕ್ಯೂಗೆ ಸುಮಾರು ಅರ್ಧ ನಿಮಿಷ ಮುಂಚಿನ ಸಾಲಿನಲ್ಲಿ ‘ಸಿದ್ಧ’ ಎಂದು ಬರೆಯಿರಿ. ಹೇಳುವಾಗ “ಬೆಳಕು 12 ಸಿದ್ಧ”, ಆಮೇಲೆ “ಬೆಳಕು 12, ಗೋ”. ಆ ಕೊನೆಯ ಪದವನ್ನು ಕ್ಯೂ ಕೊಡಲು ಬಿಟ್ಟರೆ ಬೇರೆ ಯಾವುದಕ್ಕೂ ಬಳಸಬೇಡಿ.

ಬಹಳಷ್ಟು ರಂಗಮಂದಿರಗಳಲ್ಲಿ ವಿಂಗ್‌ನಿಂದ ಬೆಳಕಿನ ಕೋಣೆಗೆ ಮಾತಾಡುವ ವ್ಯವಸ್ಥೆ ಇರುವುದಿಲ್ಲ. ಇಯರ್‌ಫೋನ್ ಇರುವ ವಾಕಿ-ಟಾಕಿ ಬಾಡಿಗೆಗೆ ಸಿಕ್ಕರೆ ಒಳ್ಳೆಯದು. ಫೋನ್ ಕರೆಯನ್ನೇ ತೆರೆದಿಟ್ಟು ನಡೆಸುವವರಿದ್ದಾರೆ, ನೆಟ್‌ವರ್ಕ್ ಹೋದರೆ ಅಥವಾ ನಡುವೆ ಇನ್ನೊಂದು ಕರೆ ಬಂದರೆ ಕೆಟ್ಟಿತು. ಖಚಿತವಾದದ್ದು ತಂತಿ ಎಳೆದ ಸಣ್ಣ ಬಲ್ಬು: ಹತ್ತಿದರೆ ಸಿದ್ಧ, ಆರಿದರೆ ಗೋ. ಬೆಳಕು ನಿರ್ವಹಿಸುವವರಿಗೂ ಕ್ಯೂ ಬರೆದ ಪ್ರತಿಯೊಂದು ಇರಲಿ. ಸಂಪರ್ಕ ಕಡಿದರೂ ಅವರು ನಾಟಕ ನೋಡಿಕೊಂಡು ಮುಂದುವರಿಯಬೇಕು.

ನಡುವಿನ ಮಾತು ಹಾರಿಸಿ ಕ್ಯೂಗಳನ್ನು ಮಾತ್ರ ನೋಡುವ ತಾಲೀಮಿಗೆ ಒಂದಕ್ಕೆ ಮೂರು ನಿಮಿಷ ಹಿಡಿಯಿರಿ. ಅರವತ್ತು ಕ್ಯೂ ಎಂದರೆ ಮೂರು ಗಂಟೆ. ರಂಗಮಂದಿರ ಮಧ್ಯಾಹ್ನ ಎರಡಕ್ಕೆ ಸಿಕ್ಕಿ, ಬೆಳಕು ಕಟ್ಟಲು ಎರಡು ಗಂಟೆ ಹೋದರೆ ಆರೂವರೆಯ ಪ್ರದರ್ಶನಕ್ಕೆ ಅದು ಆಗದ ಮಾತು. ಒಂದೋ ಹಿಂದಿನ ದಿನವೂ ಬಾಡಿಗೆಗೆ ಪಡೆಯಬೇಕು, ಇಲ್ಲ ಕ್ಯೂಗಳನ್ನು ಇಪ್ಪತ್ತೈದಕ್ಕೆ ಇಳಿಸಬೇಕು. ಇದನ್ನು ಬೆಳಕಿನ ವಿನ್ಯಾಸಕರಿಗೆ ಒಂದು ತಿಂಗಳು ಮುಂಚೆಯೇ ಹೇಳಿ.

ವಿದ್ಯುತ್ತಿನದೂ ಹೀಗೇ ಗುಣಾಕಾರ. ರಂಗಕ್ಕೆ ಬಳಸುವ 1000 ವ್ಯಾಟಿನ ಒಂದು ಪಾರ್ ಲೈಟು 230 ವೋಲ್ಟಿನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ. 6 ಆಂಪಿಯರಿನ ಪ್ಲಗ್ಗಿಗೆ ಒಂದೇ, 16ರದಕ್ಕೆ ಮೂರು. ಗ್ರೀನ್ ರೂಮಿನ ಇಸ್ತ್ರಿಪೆಟ್ಟಿಗೆಯೂ ಅದೇ ಲೈನಿನಲ್ಲಿದ್ದರೆ ಟ್ರಿಪ್ ಆಗುವುದು ನಾಟಕದ ನಡುವೆಯೇ. ಸಂಗೀತದ ಲ್ಯಾಪ್‌ಟಾಪ್, ಮಿಕ್ಸರ್‌ಗೆ ಯುಪಿಎಸ್ ಹಾಕಿ.

ಇನ್ನು ಸಭಾ ಕಾರ್ಯಕ್ರಮ. ನಮ್ಮ ಹವ್ಯಾಸಿ ಪ್ರದರ್ಶನಗಳನ್ನು ತಡ ಮಾಡುವುದರಲ್ಲಿ ಇದರಷ್ಟು ಪಾಲು ನಟರದಲ್ಲ. ದೀಪ ಬೆಳಗಿಸಿ, ಸ್ವಾಗತ, ಭಾಷಣ, ಶಾಲು ಎಂದು ಮುಕ್ಕಾಲು ಗಂಟೆ ಕಳೆಯುವಾಗ ಬಣ್ಣ ಹಚ್ಚಿಕೊಂಡ ಹದಿನಾಲ್ಕು ಜನ ಬೆವರುತ್ತಾ ಒಳಗೆ ಕೂತಿರುತ್ತಾರೆ, ಜೋಡಿಸಿಟ್ಟ ರಂಗಸಜ್ಜಿಕೆಯ ಮೇಲೆ ಸಭೆಯವರು ಕುರ್ಚಿ, ಪೋಡಿಯಂ ಎಳೆದಾಡಿರುತ್ತಾರೆ. ನಾಟಕ ಮುಗಿದ ಮೇಲೆ ಸಭೆ ಇಡುವುದು ಎಲ್ಲಕ್ಕಿಂತ ಒಳ್ಳೆಯದು. ಅತಿಥಿಗಳು ಒಪ್ಪದಿದ್ದರೆ ಪರದೆಯ ಮುಂದೆ, ನಿಂತುಕೊಂಡು, 20 ನಿಮಿಷ. ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವ ಮುಂಚೆ ಈ ಮಾತು ಕಾರ್ಯದರ್ಶಿಯವರ ಹತ್ತಿರ ಆಗಿಬಿಡಲಿ.

ಶುರುವಿಗೆ 30, 15, 5 ನಿಮಿಷ ಇರುವಾಗ ಗ್ರೀನ್ ರೂಮಿಗೆ ನೀವೇ ಹೋಗಿ ಹೇಳಿ, ಪ್ರತಿಯೊಬ್ಬರೂ ಬಾಯಿಬಿಟ್ಟು ಉತ್ತರಿಸಬೇಕು. ತಲೆಯಾಡಿಸಿದರೆ ಲೆಕ್ಕಕ್ಕಿಲ್ಲ. 30 ನಿಮಿಷದ ಹೊತ್ತಿಗೆ ಒಬ್ಬರು ಬಂದಿಲ್ಲವೆಂದರೆ ಆಗಲೇ ಫೋನ್, ಐದು ನಿಮಿಷ ಕಾಯುವುದಲ್ಲ. ಮೂರನೇ ಬೆಲ್ ಆದ ಮೇಲೆ ರಂಗದ ಹಿಂದೆ ಕೊನೆಯ ಮಾತು ನಿಮ್ಮದು. ನಿರ್ದೇಶಕರು ಸಭಾಂಗಣದಲ್ಲಿ ಕೂರಬೇಕು. ವಿಂಗ್‌ಗೆ ಬಂದು ನಟರಿಗೆ ಕಿವಿಮಾತು ಹೇಳಲು ಶುರು ಮಾಡಿದರೆ, “ಸರ್, ಬರೆದುಕೊಡಿ, ಮಧ್ಯಂತರದಲ್ಲಿ ನಾನು ಹೇಳ್ತೀನಿ” ಎನ್ನಿ. ಗ್ರ್ಯಾಂಡ್ ರಿಹರ್ಸಲ್‌ನಲ್ಲೇ ಇದನ್ನು ಅವರ ಬಾಯಿಂದ ಇಡೀ ತಂಡಕ್ಕೆ ಹೇಳಿಸಿಡಿ. ಆಗ ಆ ಹಿರಿಯರೂ ಅಂದು ಸಂಜೆ ನಿಮ್ಮ ಹತ್ತಿರ ಮಾತು ಕೇಳಲು ಬರುವುದಿಲ್ಲ, ಎಷ್ಟು ಹೊತ್ತಿಗೆ ಎಲ್ಲಿ ನಿಲ್ಲಬೇಕು ಎಂದು ಕೇಳಲು ಬರುತ್ತಾರೆ.